ಐಸ್ ಫ್ಯಾಕ್ಟರಿಯಲ್ಲಿ ಸೊಲ್ಲು ಹಿಡಿದವರು

ಬೆಳಕು ಹರಿಯುವ ಮೊದಲೇ ಹೊಸಿಯಾ ಟಾರ್ವರ್ ಫ್ರಿಜ್ಜಿನ ವೈರು ಕೀಳುತ್ತಾರೆ. ಗುರ್ ಎನ್ನುತ್ತಿದ್ದ ಪೆಟ್ಟಿಗೆ ಒಮ್ಮೆ ನಡುಗಿ ಸುಮ್ಮನಾಗುತ್ತದೆ. ಹಾಡು ರೆಕಾರ್ಡು ಮಾಡುವಾಗ ಆ ಸದ್ದು ಟೇಪಿಗೆ ಬೀಳಬಾರದು. ತಮ್ಮ ಟ್ರಕ್ಕಿನ ಕೀಲಿಕೈಯನ್ನು ಅದರೊಳಗೆ, ಆಲೂಗಡ್ಡೆ ಸಲಾಡಿನ ಬಟ್ಟಲ ಪಕ್ಕ ಇಟ್ಟು ಬಾಗಿಲು ಹಾಕುತ್ತಾರೆ. ಮನೆಗೆ ಹೊರಟಾಗ ಕೀಲಿಗಾಗಿ ಫ್ರಿಜ್ಜು ತೆರೆಯಲೇಬೇಕು, ತೆರೆದಾಗ ವೈರು ಸಿಕ್ಕಿಸುವುದು ನೆನಪಾಗಲೇಬೇಕು. ಒಂದು ಬೇಸಿಗೆಯಲ್ಲಿ ಹೀಗೆ ಮಾಡದೆ ಮರೆತು, ಒಳಗಿದ್ದ ಹಂದಿಮಾಂಸ ಕೊಳೆತು, ಆ ನಾತದ ನಡುವೆ ನಿಂತು ಗಾಯಕಿಯೊಬ್ಬಳು ಪ್ರೇಮಗೀತೆ ಹಾಡಬೇಕಾಯಿತು. "ಅವಳ ಕಣ್ಣಲ್ಲಿ ನೀರು ಬಂದಿದ್ದು ನಿಜ. ಕೇಳಿದೋರು ವಿರಹ ಅಂದ್ಕೊಂಡ್ರು," ಎನ್ನುತ್ತಾರೆ ಹೊಸಿಯಾ. ಬೇರೆ ದಿನವಾಗಿದ್ದರೆ ಹೇಳಿ ತಾವೇ ಮೊದಲು ನಗುತ್ತಿದ್ದರು. ಇವತ್ತು ನಗುವುದಿಲ್ಲ.

ಬೂಟು ಬಿಚ್ಚುತ್ತಾರೆ. ಕೈಗಡಿಯಾರ ಬಿಚ್ಚಿ ಹೊರಗಿನ ಗೂಡಿನಲ್ಲಿಡುತ್ತಾರೆ. ಜೇಬಿನ ಚಿಲ್ಲರೆಯನ್ನೂ ಅಲ್ಲೇ ಸುರಿಯುತ್ತಾರೆ. ಬರೀ ಕಾಲುಚೀಲದಲ್ಲಿ ಮರದ ನೆಲದ ಮೇಲೆ ನಡೆಯುವಾಗ ಯಾವ ಹಲಗೆ ಕಿರುಗುಟ್ಟುತ್ತದೆಂದು ಅವರ ಪಾದಕ್ಕೇ ಗೊತ್ತು.

ಅಲಬಾಮಾದ ಹ್ಯಾಲೀಸ್ ಫೋರ್ಡ್ ಎಂಬ ಈ ಊರಿನಲ್ಲಿ, ಹೊಳೆಯ ದಂಡೆಗೆ ಬೆನ್ನು ಕೊಟ್ಟು ನಿಂತ ಈ ಕಟ್ಟಡ ಒಂದು ಕಾಲಕ್ಕೆ ಐಸ್ ಫ್ಯಾಕ್ಟರಿ. ತಣ್ಣಗೆ ಇರಲೆಂದು ಗೋಡೆಗೆ ಕಾರ್ಕು ಹೊಡೆದಿದ್ದರು. ಐಸು ಹೋಯಿತು, ಕಾರ್ಕು ಉಳಿಯಿತು, ಅದರೊಂದಿಗೆ ಒಂದು ಗಟ್ಟಿ ಮೌನವೂ ಉಳಿಯಿತು. ಆ ಮೌನಕ್ಕೆ ಮನಸೋತು ಯುವಕ ಹೊಸಿಯಾ ಇಲ್ಲಿ ಟೇಪಿನ ಯಂತ್ರ ತಂದಿಟ್ಟರು. ಅಂದಿನಿಂದ, ಚರ್ಚಿನ ಧಾಟಿಯಲ್ಲಿ ಪ್ರೀತಿ ವಿರಹ ಹಾಡುವ ಸೋಲ್ ಹಾಡುಗಳನ್ನು ಬರೆಯುವುದು, ಹಾಡುವುದು, ಬೇರೆಯವರಿಂದ ಹಾಡಿಸುವುದು, ಹಿಡಿದಿಡುವುದು, ಎಲ್ಲ ಇಲ್ಲೇ. ಬೇರೆ ಸ್ಟುಡಿಯೋಗಳಲ್ಲಿ ಹಾಡುವವರಿಗೂ ಹಾಡಿಸುವವರಿಗೂ ನಡುವೆ ಗಾಜಿನ ಗೋಡೆ ಇರುತ್ತದೆ. ಇಲ್ಲಿ ಇಲ್ಲ. ಡ್ರಮ್ಮು, ಆರ್ಗನ್ನು, ಬಾಸ್ ಗಿಟಾರು, ಹಾಡುವವರು, ಹೊಸಿಯಾ ಎಲ್ಲರೂ ಒಂದೇ ಕೋಣೆ. ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಸೋರುತ್ತದೆ, ಹಾಗಾಗಿ ತಪ್ಪನ್ನು ಆಮೇಲೆ ಕಿತ್ತು ತೆಗೆಯಲು ಬರುವುದಿಲ್ಲ. ಯಾರು ತಪ್ಪಿದರೂ ಎಲ್ಲರೂ ಮೊದಲಿನಿಂದ. ಅದಕ್ಕೇ ಅವರದು ಒಂದೇ ಕಟ್ಟುನಿಟ್ಟು: ಟೇಪು ತಿರುಗುವಾಗ ಹಾಡುವವರ ಹೊರತು ಯಾರೂ ತುಟಿ ಬಿಚ್ಚಕೂಡದು.

ಇವತ್ತು ಇಲ್ಲಿ ಹಾಡುವವರು ಅವರ ಅಕ್ಕ, ವರ್ಡೆಲ್. ನೆಬೊ ಚರ್ಚಿನಲ್ಲಿ ಊರಿನ ಮೂರು ತಲೆಮಾರಿಗೆ ಹಾಡು ಕಲಿಸಿದ ಹೆಂಗಸು. ಅವರ ಗಂಟಲಲ್ಲಿ ಗಂಟು ಬೆಳೆದಿದೆ. ಸೋಮವಾರ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಪರೇಷನ್. ಉಸಿರು ಉಳಿಸುವುದಾಗಿ ಡಾಕ್ಟರು ಹೇಳಿದ್ದಾರೆ, ದನಿಯ ಬಗ್ಗೆ ಮಾತು ಕೊಟ್ಟಿಲ್ಲ. ಹಾಡಲೇಬೇಡಿ ಎಂದ ಡಾಕ್ಟರ ಜೊತೆ ಚೌಕಾಸಿ ಮಾಡಿ ವರ್ಡೆಲ್ ಒಂದು ಬೆಳಗನ್ನು ಪಡೆದಿದ್ದಾರೆ. ಎರಡು ಸಲ ಹಾಡಬಹುದು, ಹೆಚ್ಚೆಂದರೆ ಮೂರು.

ನಾಳೆ ಭಾನುವಾರ, ಆಕೆ ಚರ್ಚು ಬಿಟ್ಟು ಎಲ್ಲೂ ಬಾಯಿ ತೆರೆಯುವವರಲ್ಲ. ಇವತ್ತೂ ಏಳು ಗಂಟೆಯವರೆಗೆ ಮಾತ್ರ. ಪಕ್ಕದ ಗದ್ದೆಯಾಚೆ ಕೋಳಿ ಕತ್ತರಿಸಿ ಪ್ಯಾಕು ಮಾಡುವ ಕಾರ್ಖಾನೆ ಬಂದ ಮೇಲೆ, ಏಳಕ್ಕೆ ಅಲ್ಲಿನ ಯಂತ್ರ ಶುರುವಾದರೆ ಈ ನೆಲವೇ ಗುಂಯ್‌ಗುಡುತ್ತದೆ. ಕಾರ್ಕಿನ ಗೋಡೆ ಗಾಳಿಯ ಸದ್ದನ್ನು ತಡೆದೀತು, ಮಣ್ಣಿನೊಳಗಿಂದ ಬರುವ ಸದ್ದನ್ನು ತಡೆಯದು.

ಮೊದಲು ಬರುವವರು ಡ್ರಮ್ಮಿನ ಎಲ್ಬರ್ಟ್ ಸೈಕ್ಸ್. ವಾರವೆಲ್ಲ ಶಾಲಾ ಬಸ್ಸು ಓಡಿಸುವ ಎಲ್ಬರ್ಟ್ ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿ ಪೆಟ್ಟು ಹಾಕುತ್ತಾರೆ. ಆ ತಡದಲ್ಲಿ ಒಂದು ತೂಗಾಟ ಇದೆ. ಅದನ್ನು ಕಲಿಯಲು ದೂರದೂರದ ಹುಡುಗರು ಹಳೆಯ ರೆಕಾರ್ಡುಗಳನ್ನು ಸವೆಸುತ್ತಾರೆ. ಕೆಲವರು ಆ ತುಣುಕನ್ನೇ ಕತ್ತರಿಸಿ ತಮ್ಮ ಹಾಡಿಗೆ ಅಂಟಿಸಿಕೊಂಡಿದ್ದಾರೆ.

"ನಿದ್ದೆಗಣ್ಣಲ್ಲಿ ಬಾರಿಸ್ತಿದ್ದೆ ಮಾರಾಯ. ಅದನ್ನ ಈಗ ಶೈಲಿ ಅಂತಾರೆ," ಎನ್ನುತ್ತಾರೆ ಎಲ್ಬರ್ಟ್. ಆಮೇಲೆ ಗೆಳೆಯನ ಮುಖ ನೋಡಿ, "ಲೋ, ಎದ್ದಮೇಲೆ ಏನಾದ್ರೂ ತಿಂದ್ಯಾ?"

"ಇಳೀತಿಲ್ಲ."

"ಹಾಡೋದು ಅವರು. ನಿನ್ನ ಗಂಟಲಿಗೇನು ಬಂತು?"

ಹೊಸಿಯಾ ಮೈಕಿನ ಎತ್ತರವನ್ನು ಇಷ್ಟು ತಗ್ಗಿಸಿ, ಮತ್ತೆ ಅಷ್ಟೇ ಏರಿಸುತ್ತಾರೆ.

ಈ ಭಯ ಗಂಟಲಿನದಷ್ಟೇ ಅಲ್ಲ. ಇವತ್ತಿನ ಹಾಡು 'ಜಗಲಿ ದೀಪ'. ಅದರ ರೆಕಾರ್ಡಿನ ನಡುವಿನ ವೃತ್ತದಲ್ಲಿ ಬರೆದವರು ಎಚ್. ಟಾರ್ವರ್ ಎಂದು ಅಚ್ಚಾಗಿದೆ. ಅದು ಅರ್ಧ ನಿಜ. ಆಗ ಹೊಸಿಯಾಗೆ ಇಪ್ಪತ್ತು ದಾಟಿದ ಹೊಸತು. ಅಡುಗೆಮನೆಯಲ್ಲಿ ಅಕ್ಕ ಸೊಪ್ಪು ತೊಳೆಯುತ್ತ ತನ್ನದೇ ಒಂದು ಪ್ರಾರ್ಥನೆಯನ್ನು ಗುನುಗುತ್ತಿದ್ದಳು: 'ಜಗಲಿ ದೀಪ ಆರಿಸಬೇಡ, ಪ್ರಭುವೇ, ನಾನಿನ್ನೂ ದಾರಿಯಲ್ಲಿರುವೆ.' ತಮ್ಮ ಹೊಸಿಯಾ ಬಾಗಿಲಾಚೆ ನಿಂತು ಕೇಳಿಸಿಕೊಂಡ. 'ಪ್ರಭುವೇ' ಇದ್ದಲ್ಲಿ 'ಗೆಳತಿ' ಎಂದು ಹಾಕಿದ. ಸಾಲಿನ ಮಧ್ಯೆ ಖಾಲಿ ಬಿದ್ದ ಜಾಗಗಳಿಗೆ ಮೂರು ತುತ್ತೂರಿ ಕೂರಿಸಿದ. ತಡವಾಗಿ ಮನೆಗೆ ಮರಳುವ ಗಂಡಸಿನ ಹಾಡಾಗಿ ಅದು ಈ ಸೀಮೆಯ ಹೋಟೆಲು, ಕ್ಷೌರದಂಗಡಿ, ಹತ್ತಿ ಗಿರಣಿಗಳಲ್ಲೆಲ್ಲ ಮೊಳಗಿತು. ದೊಡ್ಡ ದೊಡ್ಡ ಗಾಯಕರು ಅದನ್ನು ಹಾಡಿ ದೊಡ್ಡ ಹೆಸರು ಮಾಡಿಕೊಂಡರು. ತುತ್ತೂರಿಗಳು ಹಾಡುಗಾರನಿಗೆ ಮಾರುತ್ತರ ಕೊಡುವ ಆ ರೀತಿಯನ್ನು ಇಂದಿಗೂ ಕಡಲಾಚೆಯ ಹುಡುಗರು ನಕಲು ಮಾಡುತ್ತಾರೆ. ಮಾಡಿದವರ ಹೆಸರು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ಗೊತ್ತಾದದ್ದು ಒಬ್ಬರಿಗೆ. ಹೊಸಿಯಾ ತಂದೆ, ನೆಬೊ ಚರ್ಚಿನ ಪಾದ್ರಿ ರೆವರೆಂಡ್ ಟಾರ್ವರ್, ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದಾಗ ರೇಡಿಯೋದಲ್ಲಿ ಮಗನ ದನಿಯಲ್ಲಿ ಹಾಡು ಬಂತು, 'ಪ್ರಭುವೇ' ಇದ್ದಲ್ಲಿ 'ಗೆಳತಿ'. ಅರ್ಧ ಗಡ್ಡದಲ್ಲೇ ಎದ್ದು ಹೋದರು. ಆ ಭಾನುವಾರ ಸಭೆಯೆದುರು ಮಗನನ್ನು ಹಾಡುವ ಸಾಲಿನಿಂದ ಕೆಳಗಿಳಿಸಿದರು. ಆಮೇಲೆ ಹೊಸಿಯಾ ಆ ಚರ್ಚಿನಲ್ಲಿ ತುಟಿ ಅಲುಗಿಸಿಲ್ಲ. ಸಾವಿಗೆ ಹೋಗುತ್ತಾರೆ, ಕೊನೆಯ ಬೆಂಚಿನಲ್ಲಿ ಕೂತು ಬರುತ್ತಾರೆ.

ಅಕ್ಕ ಜಗಳವಾಡಲಿಲ್ಲ. ಹಬ್ಬಕ್ಕೆ ಕರೆದರು, ಜ್ವರ ಬಂದರೆ ಸಾರು ಕಳಿಸಿದರು. ಒಂದೇ ಒಂದನ್ನು ನಿಲ್ಲಿಸಿದರು: ತಮ್ಮನ ಎದುರಿಗೆ ಗುನುಗುವುದನ್ನು. ಹೊಸಿಯಾ ಅಡುಗೆಮನೆಗೆ ಕಾಲಿಟ್ಟೊಡನೆ ಆ ದನಿ ತಟ್ಟನೆ ನಿಲ್ಲುತ್ತದೆ. "ನೂರಾರು ಜನರ ದನಿ ಕೇಳಿದೀನಿ. ಒಂದು ದನಿ ನಾನು ಬಂದ ಕೂಡ್ಲೆ ಬಾಗಿಲು ಹಾಕ್ಕೊಳ್ಳುತ್ತೆ," ಎನ್ನುತ್ತಾರೆ ಹೊಸಿಯಾ, ಟೇಪಿನ ತುದಿಯನ್ನು ಚಕ್ರಕ್ಕೆ ಸುತ್ತುತ್ತ.

ಹೋದ ತಿಂಗಳು ಆ ಅಕ್ಕನೇ ಬಂದು ಹೇಳಿದರು: "ಆ ಹಾಡನ್ನ ಒಂದ್ಸಲ ನಿನ್ನ ಯಂತ್ರದಲ್ಲಿ ಹಾಡ್ತೀನಿ. ಅದರ ಪದ ಅದಕ್ಕಿರ್ಲಿ. ತುತ್ತೂರಿ ಬೇಡ." ಅಷ್ಟೇ. ಗಂಟಲು ಉಳಿಸಬೇಕಿದ್ದರಿಂದ ಮೊದಲೇ ಹಾಡಿ ನೋಡುವ ಮಾತೇ ಇರಲಿಲ್ಲ.

ಈಗ ಕಬ್ಬಿಣದ ಬಾಗಿಲು ತೆರೆದುಕೊಳ್ಳುತ್ತದೆ. ವರ್ಡೆಲ್ ಬಿಳಿ ಟೋಪಿ, ಬಿಳಿ ಕೈಚೀಲ, ಚರ್ಚಿಗೆ ಹೊರಟವರಂತೆ. ಹಿಂದೆ ಆರ್ಗನ್ ನುಡಿಸುವ, ನೆಬೊ ಚರ್ಚಿನ ಹಿರಿಯ ಡೀಕನ್ ಕ್ರೂಮ್, ಅವರ ಹಿಂದೆ ಬಾಸ್ ಗಿಟಾರಿನ ಡ್ವೇಯ್ನ್. ವರ್ಡೆಲ್ ಈ ಕಟ್ಟಡದೊಳಗೆ ಕಾಲಿಡುತ್ತಿರುವುದು ಇದೇ ಮೊದಲು. ಸುತ್ತ ನೋಡುತ್ತಾರೆ.

"ಇಷ್ಟೇನಾ? ಇದಕ್ಕಾ ಅಪ್ಪ ಪಾಪದೂರು, ಸೊದೊಮ್ ಗೊಮೋರ ಅಂತಿದ್ದಿದ್ದು? ಕಸ ಗುಡಿಸಿ ಎಷ್ಟು ದಿನ ಆಯ್ತೋ?"

"ಗುಡಿಸಿದ್ರೆ ದನಿ ಬದಲಾಗುತ್ತೆ ಅಕ್ಕ."

"ಸೋಮಾರಿಗೆ ನೆಪ ಬೇರೆ."

ಎಲ್ಬರ್ಟ್ ನಗು ತಡೆಯಲು ಡ್ರಮ್ಮಿನ ಹಿಂದೆ ಬಗ್ಗುತ್ತಾರೆ. ಹೊಸಿಯಾ ಡೀಕನ್ ಕ್ರೂಮ್ ಕಡೆ ತಿರುಗಿ, "ಡೀಕನ್ರೇ, ಒಂದು ಮಾತು. ಇದು ಚರ್ಚಲ್ಲ. ಯಾರೇ ಎಷ್ಟೇ ಚೆನ್ನಾಗಿ ಹಾಡ್ಲಿ, ಬಾಯಿ ಮುಚ್ಕೊಂಡಿರಬೇಕು."

"ಆಯ್ತಪ್ಪ, ಪ್ರಯತ್ನ ಪಡ್ತೀನಿ."

"ಪ್ರಯತ್ನ ಸಾಲದು."

ವರ್ಡೆಲ್ ಕೈಚೀಲದಿಂದ ಪೆಪ್ಪರ್‌ಮಿಂಟ್ ತೆಗೆದು ಡೀಕನ್ನರ ಕೈಗಿಡುತ್ತಾರೆ, ಪ್ರಸಂಗದ ನಡುವೆ ಮಕ್ಕಳಿಗೆ ಕೊಡುವ ಹಾಗೆ.

ಟೇಪು ತಿರುಗುತ್ತದೆ. ಆರ್ಗನ್ನು ನೆಲದಿಂದ ಹಬೆ ಏಳುವಂತೆ ಏಳುತ್ತದೆ. ವರ್ಡೆಲ್ ಕಣ್ಣು ಮುಚ್ಚಿ ಮೊದಲ ಸಾಲನ್ನು ಹಿಡಿಯುತ್ತಾರೆ. ದನಿ ಒರಟಾಗಿದೆ. ಅಂಚು ಸವೆದಿದೆ, ಆದರೆ ನಟ್ಟ ನಡುವೆ ಹಳೆಯ ಕಂಚು ಹಾಗೇ ಇದೆ. ಹೊಸಿಯಾ ಯಂತ್ರದಲ್ಲಿ ದನಿಯ ಏರಿಳಿತ ತೋರಿಸುವ ಮುಳ್ಳನ್ನು ನೋಡುತ್ತಾರೆ. 'ಪ್ರಭುವೇ' ಎಂಬಲ್ಲಿ ದನಿ ಒಂದು ಮೆಟ್ಟಿಲು ಹತ್ತಿ ನಿಲ್ಲುತ್ತದೆ.

"ಹೌದಮ್ಮಾ, ಎತ್ತಿಕೊಡು!" ಡೀಕನ್ ಕ್ರೂಮ್.

ಹೊಸಿಯಾ ಕೈ ಮೇಲೇಳುತ್ತದೆ. ವಾದ್ಯಗಳು ಒಂದೊಂದಾಗಿ ಕುಸಿದು ನಿಲ್ಲುತ್ತವೆ.

"ಯಾಕೋ ನಿಲ್ಸಿದೆ?" ವರ್ಡೆಲ್ ಕಣ್ಣು ಬಿಡುತ್ತಾರೆ.

"ಡೀಕನ್ ಬಾಯಿ ಹಾಕಿದ್ರಲ್ಲ ಅಕ್ಕ!"

"ತಪ್ಪಾಯ್ತಪ್ಪ," ಡೀಕನ್ನರ ಮುಖ ಇಷ್ಟಾಗಿದೆ. "ನಾಲಿಗೆ ತಾನಾಗೇ ಹೋಯ್ತು. ಅರವತ್ತು ವರ್ಷದ ಚಟ."

ವರ್ಡೆಲ್ ಟೋಪಿ ಸರಿಪಡಿಸಿಕೊಳ್ಳುತ್ತಾರೆ. "ಹಾಕು ಮತ್ತೆ," ಎನ್ನುತ್ತಾರೆ.

ಎರಡನೆಯ ಸಲ ಯಾರೂ ಮಿಸುಕುವುದಿಲ್ಲ. ಡ್ವೇಯ್ನ್ ಕೆಳತುಟಿ ಕಚ್ಚಿದ್ದಾರೆ, ಡೀಕನ್ನರ ಕೆನ್ನೆಯಲ್ಲಿ ಪೆಪ್ಪರ್‌ಮಿಂಟ್ ಗಂಟಾಗಿ ನಿಂತಿದೆ. ಕೋಣೆ ಹೊಸಿಯಾ ಬಯಸಿದಷ್ಟೇ ನಿಶ್ಶಬ್ದ. ಆದರೆ ಹಾಡು ಎಡವುತ್ತದೆ. ಸಾಲು ಮುಗಿದು ಖಾಲಿ ಜಾಗ ಬಂದಾಗಲೆಲ್ಲ ವರ್ಡೆಲ್ ಒಂದು ಕ್ಷಣ ತಡೆಯುತ್ತಾರೆ, ಏನೂ ಬಾರದೆ ಹೋದಾಗ ಮುಂದಿನ ಸಾಲಿಗೆ ಧಾವಿಸುತ್ತಾರೆ. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಉಸಿರು ಗಿಡ್ಡವಾಗಿದೆ. ಏರುವಲ್ಲಿ ದನಿ ಸೀಳುತ್ತದೆ, ಕೆಮ್ಮು ಬರುತ್ತದೆ, ನಿಲ್ಲುವುದೇ ಇಲ್ಲ. ಬಿಳಿ ಕರವಸ್ತ್ರ ಬಾಯಿಗೆ ಹೋಗಿ ಬರುತ್ತದೆ. ಅದನ್ನು ಅವರು ಬೇಗ ಮಡಚುತ್ತಾರೆ. ಎಷ್ಟು ಬೇಗ ಮಡಚಿದರೂ ಕೆಂಪು ಚುಕ್ಕೆ ಹೊಸಿಯಾ ಕಣ್ಣಿಗೆ ಬಿದ್ದಿದೆ.

"ಸಾಕು ಅಕ್ಕ."

"ಸಾಕು ಅನ್ನೋಕೆ ನೀನ್ಯಾರು?"

"ಡಾಕ್ಟರು ಏನಂದಿದಾರೆ, ಮರೆತ್ಯಾ? ಇದ್ರಲ್ಲಿ ಮೊದಲ ಚರಣ ಇದೆ, ಅದೇ ಇರ್ಲಿ. ಸಾಕು."

"ಅರ್ಧ ಪ್ರಾರ್ಥನೆ ಮಾಡಿ ಎದ್ದು ಹೋಗ್ತಾರೇನೋ?" ವರ್ಡೆಲ್ ನೀರಿನ ಲೋಟ ಎತ್ತಿಕೊಳ್ಳುತ್ತಾರೆ. ಒಂದು ಗುಟುಕು ಕುಡಿದು, ನುಂಗಲು ಕಷ್ಟಪಟ್ಟು, ಹೇಳುತ್ತಾರೆ: "ಉಸಿರಿಗೆ ಜಾಗ ಇಲ್ಲ ಹೋಸೀ."

"ಓಟ ನಿಧಾನ ಮಾಡಿಸ್ಲಾ? ಎಲ್ಬರ್ಟ್, ಸ್ವಲ್ಪ ಎಳಿ."

"ಅದಲ್ಲ," ಎನ್ನುತ್ತಾರೆ ವರ್ಡೆಲ್.

ಎಲ್ಬರ್ಟ್ ಡ್ರಮ್ಮಿನ ಕಡ್ಡಿಗಳನ್ನು ತೊಡೆಯ ಮೇಲಿಟ್ಟು ಪಿಸುಗುಡುತ್ತಾರೆ. "ಲೋ, ಏಳಾಗ್ತಾ ಬಂತು. ಹೊರಗೆ ಕೋಳಿಯೋರ ಕಾರು ಬರ್ತಿವೆ." ನಿಜ, ಜಲ್ಲಿಯ ಮೇಲೆ ಚಕ್ರಗಳ ಸದ್ದು ತೆಳುವಾಗಿ ಕೇಳುತ್ತಿದೆ. ಹೊಸಿಯಾ ಅಂಗೈ ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ. ಟೇಪು ಹಿಂದಕ್ಕೆ ಸುತ್ತಿ ನಿಲ್ಲುತ್ತದೆ. ಮೂರನೆಯದು ಕೆಟ್ಟರೆ ನಾಲ್ಕನೆಯದಿಲ್ಲ. ಮೂರನೆಯದರಲ್ಲೇ ಆ ಗಂಟಲು ಕೈಬಿಟ್ಟರೆ, ಕೊನೆಗೆ ಹಾಡಿಸಿದ ಕೈ ತನ್ನದೇ.

ಯಾರೇ ಹಾಡಲು ಬರಲಿ, ಟೇಪು ಬಿಡುವ ಮೊದಲು ಹೊಸಿಯಾ ಕೇಳುವ ಒಂದು ಪ್ರಶ್ನೆ ಇದೆ. ಎಷ್ಟೋ ಗಾಯಕರು ಅದೊಂದೇ ತಮಗೆ ಸಿಕ್ಕ ಪಾಠ ಎಂದಿದ್ದಾರೆ. ಇಷ್ಟು ಹೊತ್ತು ಅಕ್ಕನಿಗೆ ಅದನ್ನು ಕೇಳುವ ಧೈರ್ಯ ಬಂದಿರಲಿಲ್ಲ. ಈಗ ಅಭ್ಯಾಸಬಲದಿಂದ ಬಾಯಿಗೆ ಬರುತ್ತದೆ.

"ಯಾರಿಗೆ ಹೇಳ್ತಿದೀಯ ಇದನ್ನ?"

"ಮೇಲಿರೋನಿಗೆ," ಎನ್ನುತ್ತಾರೆ ವರ್ಡೆಲ್. "ಕೇಳಿಸ್ಕೋಬೇಕಾದೋನು ಇಲ್ಲೇ ಇದಾನೆ."

ಟೇಪು ತಿರುಗುತ್ತದೆ. ಈ ಸಲ ಅವರು ಕಣ್ಣು ಮುಚ್ಚುವುದಿಲ್ಲ. ಮೈಕಿನ ಮೇಲಿಂದ ನೇರ ತಮ್ಮನನ್ನೇ ನೋಡುತ್ತ, ದನಿ ಏರಿಸದೆ, ಅಡುಗೆಮನೆಯಲ್ಲಿ ಒಬ್ಬರೇ ಇದ್ದಾಗಿನಷ್ಟೇ ಎತ್ತರದಲ್ಲಿ ಶುರುಮಾಡುತ್ತಾರೆ.

'ಜಗಲಿ ದೀಪ ಆರಿಸಬೇಡ, ಪ್ರಭುವೇ.'

ನಿಲ್ಲಿಸುತ್ತಾರೆ. ಆರ್ಗನ್ನು ಒಂದೇ ಸ್ವರವನ್ನು ಹಿಡಿದುಕೊಂಡಿದೆ. ಎಲ್ಬರ್ಟ್ ಕೈ ಗಾಳಿಯಲ್ಲಿ ತೂಗುತ್ತಿದೆ. ಮುಂದಿನ ಸಾಲು ಬರಬೇಕು, ಬರುವುದಿಲ್ಲ. ಗಂಟಲು ಕಟ್ಟಿತೆಂದು ಹೊಸಿಯಾ ಒಂದು ಹೆಜ್ಜೆ ಮುಂದಿಡುತ್ತಾರೆ. ಆದರೆ ಅಕ್ಕನ ಮುಖದಲ್ಲಿ ಗಾಬರಿಯಿಲ್ಲ. ಆಕೆ ಕಾಯುತ್ತಿದ್ದಾರೆ.

ಆ ಮುಖ ಹೊಸಿಯಾಗೆ ಗೊತ್ತು. ನೆಬೊ ಚರ್ಚಿನ ಹಳೆಯ ಹಾಡುಗಳಿಗೆ ಪುಸ್ತಕವಿಲ್ಲ. ಒಬ್ಬರು ಸಾಲನ್ನು ಎತ್ತಿಕೊಡುತ್ತಾರೆ, ಸಭೆ ಸೊಲ್ಲು ಹಿಡಿದು ಅದನ್ನೇ ಎಳೆದು ಹಾಡುತ್ತದೆ. ಆ ಹೊತ್ತಿನಲ್ಲೇ ಎತ್ತಿಕೊಟ್ಟವರಿಗೆ ಉಸಿರು. ಸಭೆ ಹಿಡಿಯದಿದ್ದರೆ ಅವರು ಮುಂದಕ್ಕೆ ಹೋಗುವಂತಿಲ್ಲ, ಎಷ್ಟು ಹೊತ್ತಾದರೂ ಕಾಯಬೇಕು. ಅಂದು ಅಡುಗೆಮನೆಯಲ್ಲಿ ಕೇಳಿದ ಹಾಡಿನಲ್ಲೂ ಸಾಲುಗಳ ನಡುವೆ ಜಾಗ ಇದ್ದದ್ದು ಅದಕ್ಕೇ. ಹೊಸಿಯಾ ಅಲ್ಲಿ ತುತ್ತೂರಿ ಕೂರಿಸಿದ್ದರು. ಇವತ್ತು ತುತ್ತೂರಿ ತೆಗೆದು ಮೌನ ಕೂರಿಸಿದ್ದಾರೆ. ಡೀಕನ್ ಕ್ರೂಮ್ ಸರಿಯಾದ ಜಾಗದಲ್ಲಿ ದನಿಗೂಡಿಸಿದ್ದಕ್ಕೆ ಬೈಸಿಕೊಂಡಿದ್ದಾರೆ.

ಟೇಪು ಖಾಲಿ ಖಾಲಿಯಾಗಿ ಸುತ್ತುತ್ತಿದೆ. ಹೊರಗೆ ಕಾರಿನ ಬಾಗಿಲೊಂದು ಬಡಿಯುತ್ತದೆ. ಡೀಕನ್ನರ ಕಣ್ಣು ಹೊಸಿಯಾ ಮೇಲೆ, ಎಲ್ಬರ್ಟ್ ಕಣ್ಣು ಅವರ ಮೇಲೆ. ಅವರೇ ಮಾಡಿದ ಕಟ್ಟಳೆ, ಅವರ ಹೊರತು ಯಾರೂ ಮುರಿಯಲಾರರು. ಅಕ್ಕ ಇನ್ನೂ ಕಾಯುತ್ತಿದ್ದಾರೆ.

ಹೊಸಿಯಾ ಬಾಯಿ ತೆರೆಯುತ್ತಾರೆ.

'ಜಗಲಿ ದೀಪ ಆರಿಸಬೇಡ...'

ಅದು ರೆಕಾರ್ಡಿನ ಹೊಸಿಯಾ ದನಿಯಲ್ಲ. ಮುದಿ ದನಿ, ಪಳಗದ್ದು, ಮೊದಲ ಸ್ವರದಲ್ಲೇ ಜಾರಿ ಆಮೇಲೆ ನೆಲ ಕಂಡುಕೊಳ್ಳುತ್ತದೆ. 'ಪ್ರಭುವೇ' ಎಂಬಲ್ಲಿ ಒಂದು ಕ್ಷಣ ತೊದಲುತ್ತದೆ, ದಾಟುತ್ತದೆ. ತಡೆ ಒಡೆದದ್ದೇ ತಡ, ಡೀಕನ್ ಕ್ರೂಮ್ ಪೆಪ್ಪರ್‌ಮಿಂಟನ್ನು ಕೆನ್ನೆಗೆ ತಳ್ಳಿ ಕೆಳದನಿ ಸೇರಿಸುತ್ತಾರೆ, ಎಲ್ಬರ್ಟ್ ಸೇರುತ್ತಾರೆ, ಆ ಚರ್ಚಿನ ಮೆಟ್ಟಿಲನ್ನೂ ಹತ್ತದ ಡ್ವೇಯ್ನ್ ಕೂಡ. ಆ ದನಿಗಳ ಅಡಿಯಲ್ಲಿ ವರ್ಡೆಲ್ ನಿಧಾನವಾಗಿ ಎದೆ ತುಂಬ ಉಸಿರು ತೆಗೆದುಕೊಳ್ಳುವುದು ಕಾಣುತ್ತದೆ. ಮುಂದಿನ ಸಾಲು ಬರುತ್ತದೆ. ಎತ್ತಿಕೊಡುತ್ತಾರೆ, ಕಾಯುತ್ತಾರೆ, ಇವರು ಹಿಡಿಯುತ್ತಾರೆ. ವರ್ಡೆಲ್ ದನಿ ಎರಡು ಕಡೆ ಬಿರಿಯುತ್ತದೆ. ಬಿರಿದಲ್ಲಿ ತಮ್ಮನ ದನಿ ಕೈ ಹಿಡಿಯುತ್ತದೆ. ಕೊನೆಯ ಸಾಲಿನಲ್ಲಿ ಆಕೆ ಮೇಲೇರುವುದಿಲ್ಲ, ಕೆಳಗಿಳಿಯುತ್ತಾರೆ. ಮೆಟ್ಟಿಲಿಳಿದು ಬಾಗಿಲು ತೆರೆಯಲು ಬರುವವರ ಹಾಗೆ.

'ನಾನಿನ್ನೂ ದಾರಿಯಲ್ಲಿರುವೆ.'

ಆರ್ಗನ್ನಿನ ಕೊನೆಯ ಸ್ವರ ಕಾರ್ಕಿನ ಗೋಡೆಯೊಳಗೆ ಇಂಗುತ್ತಿರುವಾಗಲೇ ನೆಲದಡಿಯಿಂದ ಗುಂಯ್ ಎಂಬ ಸದ್ದು ಏಳುತ್ತದೆ. ಏಳು ಗಂಟೆ. ಹೊಸಿಯಾ ಕೈ ಟೇಪು ನಿಲ್ಲಿಸಲು ಹೋಗಿ, ಅಲ್ಲೇ ತಡೆದು, ಅದನ್ನೂ ಸ್ವಲ್ಪ ಹೊತ್ತು ಟೇಪಿನ ಮೇಲೆ ಬಿಟ್ಟುಕೊಂಡು, ಆಮೇಲೆ ನಿಲ್ಲಿಸುತ್ತದೆ.

ಮೊದಲು ಮಾತಾಡುವವರು ಎಲ್ಬರ್ಟ್. "ಕೊನೇಲಿ ಕೋಳೀನೂ ಸೊಲ್ಲು ಹಿಡೀತಲ್ಲೋ."

ವರ್ಡೆಲ್ ಕುರ್ಚಿಯಲ್ಲಿ ಕುಸಿದು ನಗುತ್ತಾರೆ, ಸದ್ದಿಲ್ಲದೆ, ಭುಜ ಕುಲುಕಿಸುತ್ತ. ಕಣ್ಣೊರೆಸಿಕೊಂಡು, ಹತ್ತಿರ ಬಂದು ಮಂಡಿಯೂರಿದ ತಮ್ಮನಿಗೆ ಪಿಸುದನಿಯಲ್ಲಿ ಹೇಳುತ್ತಾರೆ. "ಪದ ಬದಲಾಯಿಸ್ದೆ ಅಂತ ಅಪ್ಪಂಗೆ ಸಿಟ್ಟಿತ್ತು. ನಂಗೆ ಅದಲ್ಲ ಕಣೋ. ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡ್ಯಲ್ಲ, ಒಳಗೆ ಬಂದು ಹಾಡ್ಬೋದಿತ್ತಲ್ಲ."

ಹೊಸಿಯಾ ಅಕ್ಕನ ಕೈ ಹಿಡಿದು ಕೂತಿರುತ್ತಾರೆ. ಸೋಮವಾರ ಏನಾಗುವುದೋ ಇಬ್ಬರಿಗೂ ಗೊತ್ತಿಲ್ಲ.

ಇಷ್ಟು ವರ್ಷ ತೆರೆಮರೆಯಲ್ಲಿದ್ದು ದಣಿವಾಗಲಿಲ್ಲವೇ, ಇನ್ನಾದರೂ ಹೆಸರು ಬರಬೇಕೆನಿಸುವುದಿಲ್ಲವೇ ಎಂದು ಕೇಳಿದರೆ ಹೊಸಿಯಾ ಟೇಪಿನ ಡಬ್ಬಿಯನ್ನು ತಿರುಗಿಸಿ ತೋರಿಸುತ್ತಾರೆ. ಪೆನ್ಸಿಲಿನಲ್ಲಿ ಆಗಲೇ ಬರೆದಾಗಿದೆ: ಎತ್ತಿಕೊಟ್ಟವರು ವರ್ಡೆಲ್ ಟಾರ್ವರ್. ಅದರ ಕೆಳಗೆ ಎಲ್ಬರ್ಟ್, ಕ್ರೂಮ್, ಡ್ವೇಯ್ನ್ ಹೆಸರುಗಳು, ಕೊನೆಯಲ್ಲಿ ಚಿಕ್ಕದಾಗಿ 'ತಮ್ಮ'. "ಹೆಸರು ಬಂದಿದೆ ನೋಡಿ. ಬರಬೇಕಾದ ಜಾಗದಲ್ಲಿ ಬಂದಿದೆ."

ಹಸಿವಾಯಿತೆಂದು ವರ್ಡೆಲ್ ಎದ್ದು ಫ್ರಿಜ್ಜಿನ ಬಾಗಿಲು ತೆರೆಯುತ್ತಾರೆ. ಸಲಾಡಿನ ಪಕ್ಕ ಕೀಲಿಕೈ ಕಂಡು, "ನಿನ್ನ ತಲೆ ಪೂರ್ತಿ ಕೆಟ್ಟಿದೆ," ಎಂದು ಅದನ್ನು ತಮ್ಮನತ್ತ ಎಸೆದು, ತಾವೇ ಬಗ್ಗಿ ವೈರು ಸಿಕ್ಕಿಸುತ್ತಾರೆ. ತಟ್ಟೆ ಹುಡುಕುತ್ತ, ಚಮಚ ಒರೆಸುತ್ತ, ತಮಗೇ ತಿಳಿಯದೆ ಗುನುಗತೊಡಗುತ್ತಾರೆ. ಯಾರೂ ಕೇಳಿರದ ಧಾಟಿ, ಅರ್ಧ ಉಸಿರು, ಅರ್ಧ ದನಿ. ಎಲ್ಬರ್ಟ್ ಕಣ್ಣರಳಿಸಿ ಟೇಪಿನ ಯಂತ್ರದತ್ತ ಬೆರಳು ತೋರಿಸುತ್ತಾರೆ: ಬೇಗ, ಹಾಕು.

ಹೊಸಿಯಾ ಯಂತ್ರದ ಮೇಲೆ ಹೊದಿಕೆ ಎಳೆಯುತ್ತಾರೆ. "ಬೇಡ. ಅದು ಅಕ್ಕಂದು," ಎಂದು ಎದ್ದು, ಕಾಲುಚೀಲದಲ್ಲೇ ನಡೆದು ಹೋಗಿ ಪಕ್ಕದಲ್ಲಿ ನಿಲ್ಲುತ್ತಾರೆ. ಗುನುಗು ನಿಲ್ಲುವುದಿಲ್ಲ. ಸಾಲಿನ ಕೊನೆಯಲ್ಲಿ ಅವರು ಸೊಲ್ಲು ಹಿಡಿಯುತ್ತಾರೆ.